ಲೈಟ್ ಬಂತಾ?

ಆಪರೇಟರ್ ಹಸಿರು ಗುಂಡಿಯನ್ನು ಇನ್ನೊಮ್ಮೆ ಒತ್ತಿದ. ವಿದ್ಯುತ್ ಚಿತಾಗಾರದ ಕಬ್ಬಿಣದ ಬಾಗಿಲು ಮಿಸುಕಲಿಲ್ಲ. ಗುಂಡಿಯ ಮೇಲಿನ ಸಣ್ಣ ಪರದೆಯಲ್ಲಿ 'ಸಂಪರ್ಕವಿಲ್ಲ' ಎಂಬ ಕೆಂಪಕ್ಷರ ಬಂದು ಕೂತಿತು. ಅವನು ಹಳಿಗಳ ಮೇಲಿದ್ದ ಹಲಗೆಯನ್ನೂ, ಅದರ ಮೇಲೆ ಕತ್ತಿನವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವರನ್ನೂ ನೋಡಿ ನಿಟ್ಟುಸಿರು ಬಿಟ್ಟ.

"ಇದು ಹೀಗೆ ಹಟ ಮಾಡ್ದಾಗೆಲ್ಲ ನಾವು ಫೋನ್ ಮಾಡ್ತಿದ್ದದ್ದು ಇವ್ರಿಗೇನೇ," ಎಂದ. "ಈಗ ಯಾರಿಗೆ ಮಾಡ್ಲಿ?"

ಹಿಂದೆ ನಿಂತಿದ್ದವರಲ್ಲಿ ಯಾರೋ ನಗಲು ಹೋಗಿ ಅದನ್ನು ಕೆಮ್ಮಾಗಿ ಮಾಡಿಕೊಂಡರು. ತೀರಿಕೊಂಡವರ ಅಣ್ಣನಿಗೆ ಮಾತ್ರ ಅಂಥ ಸಂಕೋಚವಿರಲಿಲ್ಲ. "ಇವನು ಹುಟ್ಟಿದಾಗಿಂದ ಹೀಗೇ. ಎಲ್ಲಿಗೆ ಹೊತ್ತಿಗೆ ಸರಿಯಾಗಿ ಹೋಗಿದಾನೆ ಹೇಳಿ? ತನ್ನ ಮದುವೆ ದಿನಾನೂ ಯಾವುದೋ ಕಚೇರೀಲಿ ಕೇಬಲ್ ಎಳೀತಾ ಕೂತಿದ್ದ. ನಾನೇ ಹೋಗಿ ಎಳ್ಕೊಂಡು ಬಂದೆ," ಎಂದವನೇ ಕರವಸ್ತ್ರದಿಂದ ಮುಖ ಮುಚ್ಚಿಕೊಂಡು ಬಿಕ್ಕಿದ.

ಹಲಗೆಯ ಪಕ್ಕ ನಿಂತಿದ್ದ ಹೆಂಡತಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಬೆಳಗಿನಿಂದ ಅವಳು ಹಲ್ಲು ಕಚ್ಚಿಕೊಂಡು ನಿಂತಿದ್ದುದು ಈ ಒಂದು ಗಳಿಗೆಗಾಗಿ. ಬಾಗಿಲು ತೆರೆದು ಮುಚ್ಚಿಬಿಟ್ಟರೆ ಮುಗಿಯಿತು, ಮನೆಗೆ ಹೋಗಿ ಕದ ಹಾಕಿಕೊಂಡು ಬಿದ್ದುಕೊಳ್ಳಬಹುದು ಎಂದುಕೊಂಡಿದ್ದಳು.

"ಇವತ್ತು ಆಗ್ಲಿಲ್ಲ ಅಂದ್ರೆ?" ಮಗಳು ಕೇಳಿದಳು.

ಆಪರೇಟರ್ ನೆಲ ನೋಡಿದ. "ನಾಳೆ ನಾಡಿದ್ದು ರಜೆ. ರಿಪೇರಿಯೋರು ಬರೋದು ಅದಾದ್ಮೇಲೇ. ಅಲ್ಲೀವರೆಗೂ ಆಸ್ಪತ್ರೆಯ ಶವಾಗಾರದಲ್ಲೇ ಇಡ್ಬೇಕಾಗುತ್ತೆ."

ನಿನ್ನೆ ಅವನನ್ನು ಇಟ್ಟಿದ್ದ ಆ ಶವಾಗಾರದ ಉದ್ದನೆಯ ಡ್ರಾಯರನ್ನು ಹೆಂಡತಿ ಕಂಡಿದ್ದಳು. ಅದನ್ನು ಎಳೆದಾಗ ಕೇಳಿದ ಸದ್ದು ಇನ್ನೂ ಕಿವಿಯಲ್ಲಿತ್ತು. ಮತ್ತೆ ಅಲ್ಲಿಗೆ ಕಳಿಸಿ, ಮತ್ತೆ ಕರೆತಂದು, ಮತ್ತೊಮ್ಮೆ ಎದೆ ಗಟ್ಟಿ ಮಾಡಿಕೊಳ್ಳುವುದು ತನ್ನಿಂದಾಗದ ಮಾತು ಎಂದು ಅವಳಿಗೆ ಗೊತ್ತಿತ್ತು.

"ಏನಾದ್ರೂ ಮಾಡಿ, ಇವತ್ತೇ ಮುಗಿಸಿ," ಎಂದಳು.

*

ಮದುವೆಯಾದ ಹೊಸತರಲ್ಲಿ ಒಂದು ರಜೆಯ ದಿನ ಅವನು ಅವಳನ್ನು ಸುತ್ತಾಡಿಸಲು ಕರೆದುಕೊಂಡು ಹೊರಟಿದ್ದ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದವಳನ್ನು ಬಿಕೋ ಎನ್ನುವ ಕಚೇರಿಯೊಂದಕ್ಕೆ ನುಗ್ಗಿಸಿ, ಮೆಟ್ಟಿಲ ಕೆಳಗಿನ ಕಂಪ್ಯೂಟರ್ ತಂತಿಗಳ ಕಪಾಟಿನ ಮುಂದೆ ನಿಲ್ಲಿಸಿದ.

"ನೋಡು, ಇಲ್ಲೊಂದು ಸಾಸಿವೆಯಷ್ಟು ಲೈಟ್ ಇದೆ. ಹಸಿರಾದ ತಕ್ಷಣ ಕೂಗು. ಐದು ನಿಮಿಷದ ಕೆಲಸ ಕಣೇ."

ಮೇಲಿನ ಮಹಡಿಯಿಂದ ಅವನ ದನಿ ಇಳಿದುಬಂತು. "ಲೈಟ್ ಬಂತಾ?"

"ಇಲ್ಲಾ!"

"ಈಗ ಬಂತಾ?"

"ಇಲ್ಲಾರೀ!"

ಐದು ನಿಮಿಷ ಸಂಜೆಯವರೆಗೂ ನಡೆಯಿತು. ಇಂಥವನಿಗೆ ಕೊಟ್ಟು ಮದುವೆ ಮಾಡಿದ ತನ್ನ ಅಪ್ಪನನ್ನು ಅವಳು ಮನಸ್ಸಿನಲ್ಲೇ ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಕೊನೆಗೆ ಲೈಟು ಹತ್ತಿ, ಅವಳು "ಬಂತೂ!" ಎಂದು ಕೂಗಿದಾಗ, ಅವನು ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದ ರೀತಿ ನೋಡಿ ಅವಳ ಸಿಟ್ಟೆಲ್ಲ ಎಲ್ಲೋ ಹೋಯಿತು. "ಇದು ಎರಡು ತುದಿ ಇರೋ ಕೆಲಸ," ಎಂದ, ಕೈಯ ಧೂಳನ್ನು ಅವಳ ಸೆರಗಿಗೇ ಒರೆಸುತ್ತ. "ಒಬ್ಬನೇ ಎರಡೂ ಕಡೆ ನಿಲ್ಲೋಕಾಗಲ್ಲ. ಆ ತುದೀಲಿ ನಿಂತೋರು ನಿಜ ಹೇಳ್ಬೇಕು, ಅಷ್ಟೇ."

ಆಮೇಲೆ ಜೀವನಪೂರ್ತಿ ಅದೇ ಪಾಡು. ಹೊಸ ಯಂತ್ರಗಳಿಗೆ ಊರ ತುಂಬ ಜಾಣರಿದ್ದರು. ಯಾರಿಗೂ ಬೇಡವಾದ ಮುದಿ ಯಂತ್ರಗಳು ಮಾತ್ರ ಇವನ ಕೊರಳಿಗೆ ಬಿದ್ದವು. ಊಟದ ನಡುವೆ ಎದ್ದು ಹೋಗುತ್ತಿದ್ದ. ನೆಂಟರ ಮನೆಯ ಮೂಲೆಯಲ್ಲಿ ನಿಂತು ಫೋನಿನಲ್ಲಿ "ಲೈಟ್ ಬಂತಾ, ಲೈಟ್ ಬಂತಾ" ಎಂದು ಜಪ ಮಾಡುತ್ತಿದ್ದ. ಮಗಳು ಹುಟ್ಟಿದ ದಿನವೂ ಅವನು ಇದೇ ಚಿತಾಗಾರದ ಹಿಂದಿನ ಕೋಣೆಯಲ್ಲಿದ್ದ. ಅತ್ತೆ ಫೋನ್ ಮಾಡಿದರೆ ಇವನು ಆಪರೇಟರ್ ಎಂದುಕೊಂಡು ಕೇಳಿದ್ದು ಅದನ್ನೇ: "ಲೈಟ್ ಬಂತಾ?"

"ಬಂತಪ್ಪಾ ಬಂತು. ಹೆಣ್ಣು ಲೈಟು," ಎಂದಿದ್ದರಂತೆ ಅತ್ತೆ.

*

ಫೋನ್ ಹೋದೊಡನೆ ಶಿಷ್ಯ ಏದುಸಿರು ಬಿಡುತ್ತ ಓಡಿಬಂದ. ಐವತ್ತರ ಹತ್ತಿರದ ಬೊಕ್ಕತಲೆಯ ಮನುಷ್ಯ. ಸತ್ತವನ ಬಳಿಯೇ ಕೆಲಸ ಕಲಿತು, ಅವನು ನಿವೃತ್ತನಾದ ಮೇಲೆ ಅದೇ ಕುರ್ಚಿಯಲ್ಲಿ ಕೂತವನು. ಬಂದವನೇ ಹಿಂದಿನ ಕೋಣೆಗೆ ನುಗ್ಗಿ, ಕುಲುಮೆಯನ್ನು ಆಳುವ ಹಳೆಯ ಕಂಪ್ಯೂಟರಿನ ಮುಂದೆ ಮಂಡಿಯೂರಿದ. ಅದರ ಬೆನ್ನಿನಲ್ಲಿದ್ದ ನೆಟ್‌ವರ್ಕ್ ಕಾರ್ಡಿನ ಲೈಟು ಸತ್ತಂತಿತ್ತು. ಆ ಕಾರ್ಡು ಲೈಟು ಮಿಟುಕಿಸುತ್ತ ಮುಂಭಾಗದ ಕಚೇರಿಯ ಯಂತ್ರದೊಡನೆ ಮಾತಾಡಿದರೆ ಮಾತ್ರ ಬಾಗಿಲು ತೆರೆಯುತ್ತದೆ, ಬೆಂಕಿ ಹತ್ತುತ್ತದೆ.

ಗುರು ಹೇಳಿಕೊಟ್ಟಂತೆ ಮೊದಲು ಕೇಬಲ್ ಬದಲಿಸಿದ. ಲೈಟು ಬರಲಿಲ್ಲ. ಕಾರ್ಡನ್ನು ಕಿತ್ತು, ಒರೆಸಿ, ಮತ್ತೆ ಕೂರಿಸಿದ. ಕಂಪ್ಯೂಟರನ್ನು ಆರಿಸಿ ಹಚ್ಚಿದ. ಮುಂದಿನ ಕಚೇರಿಗೆ ಓಡಿದ, ವಾಪಸ್ ಬಂದ. ಹೊರಗೆ ಇನ್ನೊಂದು ಮನೆಯವರು ತಮ್ಮ ಹೆಣದೊಂದಿಗೆ ಕಾಯುತ್ತಿದ್ದರು. ಅವರಲ್ಲೊಬ್ಬರು ಬಾಗಿಲಲ್ಲಿ ಇಣುಕಿ ಹೋದರು.

ಶಿಷ್ಯ ಎದ್ದು ಬಂದು ಅವಳ ಮುಂದೆ ನಿಂತ.

"ಅಕ್ಕ, ಇದು ನನ್ನ ಕೈಯಿಂದಲೇ ಆಗಿರೋದು. ನಿನ್ನೆ ಸುದ್ದಿ ಬಂತಲ್ಲ, ಗುರುಗಳನ್ನ ತರೋ ಜಾಗ ಚೊಕ್ಕಟವಾಗಿರ್ಲಿ ಅಂತ ಸಂಜೆ ನಾನೇ ಬಂದೆ. ಕಚೇರಿ ಕಪಾಟಲ್ಲಿ ವೈರೆಲ್ಲ ಸಿಕ್ಕುಸಿಕ್ಕಾಗಿತ್ತು. ನೀಟಾಗಿ ಕಟ್ಟಿದೆ. ನಡುವೆ ಒಂದು ಹಳೇ ಕಬ್ಬಿಣದ ಡಬ್ಬಿ ನೇತಾಡ್ತಿತ್ತು, ಕೆಲಸಕ್ಕೆ ಬಾರದ್ದು ಅಂತ ತೆಗೆದು ಕಸಕ್ಕೆ ಹಾಕಿದೆ. ಬೆಳಿಗ್ಗೆ ಕಸದ ಗಾಡಿ ಹೊತ್ಕೊಂಡು ಹೋಗಿದೆ."

"ಡಬ್ಬಿ ಇಲ್ದಿದ್ರೆ ಏನಾಗುತ್ತೆ?" ಅವಳ ಭಾವ, ಗಂಡನ ಅಣ್ಣ, ಕೇಳಿದ.

"ಕಚೇರೀಲಿರೋ ಹೊಸ ಯಂತ್ರ ಬಡಬಡ ಅಂತ ಮಾತಾಡುತ್ತೆ. ಕುಲುಮೆಯ ಈ ಮುದಿ ಕಂಪ್ಯೂಟರಿಗೆ ಅಷ್ಟು ಜೋರು ಮಾತು ತಿಳಿಯಲ್ಲ. ಆ ಡಬ್ಬಿ ನಡುವೆ ಕೂತು ಇಬ್ಬರಿಗೂ ನಿಧಾನಕ್ಕೆ ಹೇಳ್ತಿತ್ತು. ಈಗ ಅದು ಯಾವ ಅಂಗಡೀಲೂ ಸಿಗಲ್ಲ."

"ಎಷ್ಟಗಲ ಇತ್ತು?" ಅವಳು ಕೇಳಿದಳು. ಅವನು ಕೈಯಲ್ಲಿ ತೋರಿಸಿದ. "ಬೂದು ಬಣ್ಣ? ಮುಂದೆ ಸಾಲಾಗಿ ತೂತು?"

"ಹೌದಕ್ಕ. ನಿಮಗೆ ಹೇಗೆ..."

"ನಮ್ಮನೇಲಿ ಅಂಥವು ಎರಡಿದಾವೆ," ಎಂದಳು. "ಎಸೀರಿ ಅಂದ್ರೆ ಕೇಳ್ತಿರ್ಲಿಲ್ಲ."

"ಎಲ್ಲಿದೆ ಅಮ್ಮ?" ಎಂದು ಕೇಳುತ್ತ ಕೇಳುತ್ತಲೇ ಮಗಳಿಗೆ ಹೊಳೆದು, ಅವಳ ಮುಖ ಕಪ್ಪಿಟ್ಟಿತು.

"ಹೂಂ. ಅದೇ. ಅಪ್ಪನ ಮಂಚದ ಕೆಳಗೆ. ತಲೆ ಕಡೆ ಕಾಲಿಗೆ ಇಟ್ಟಿರೋದು."

*

ಅವನಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋಗಿದ್ದವು. ತಲೆ ಯಾವಾಗಲೂ ಎತ್ತರದಲ್ಲಿರಲಿ ಎಂದು ಡಾಕ್ಟರು ಹೇಳಿದ್ದರು. ಮಂಚದ ಕಾಲಿಗೆ ಆಸರೆ ಹುಡುಕುತ್ತ ಅವಳು ಅಟ್ಟದಿಂದ ಆ ಡಬ್ಬಿಗಳನ್ನು ಇಳಿಸಿದಳು. "ಕೊನೆಗೂ ಒಂದು ಉಪಯೋಗಕ್ಕೆ ಬಂದ್ವು ನೋಡಿ," ಎಂದಾಗ ಅವನ ಅರ್ಧ ಬಾಯಿ ನಕ್ಕಿತ್ತು.

ಆಮೇಲೆ ನಗುವೂ ನಿಂತಿತು. ಹಸಿವಾ, ನೋವಾ, ಬಾಯಾರಿಕೆಯಾ ಎಂದು ಕೇಳಿ ಕೇಳಿ ಅವಳ ಗಂಟಲು ಒಣಗಿತು. ಅವನು ಸೂರು ನೋಡುತ್ತ ಮಲಗಿರುತ್ತಿದ್ದ. ಒಂದು ಮಧ್ಯಾಹ್ನ ರೋಸಿಹೋಗಿ, ಅವನ ಕಿವಿಯ ಹತ್ತಿರ ಬಾಗಿ, ಅಣಕಿಸುವವಳಂತೆ ಕೇಳಿದಳು: "ಏನ್ರೀ, ಲೈಟ್ ಬಂತಾ?"

ಅವನು ಕಣ್ಣು ಮುಚ್ಚಿ ತೆರೆದ.

ಅವಳು ಅಲ್ಲೇ ಕುಸಿದು ಕೂತು, ಅವನ ಹೊದಿಕೆಯಲ್ಲಿ ಮುಖ ಹುದುಗಿಸಿ ಅತ್ತಳು. ಅವತ್ತಿನಿಂದ ಬೇರೆ ಪ್ರಶ್ನೆಯನ್ನೇ ಕೇಳಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅಡುಗೆಮನೆಯ ಬಾಗಿಲಿಂದ ಕೇಳುವಳು, ಅವನು ರೆಪ್ಪೆ ಆಡಿಸುವನು, ಇವಳು ಒಲೆ ಹಚ್ಚುವಳು. ನಿನ್ನೆ ಬೆಳಿಗ್ಗೆಯೂ ಕೇಳಿದಳು. ಕಣ್ಣು ತೆರೆದೇ ಇತ್ತು. ಕೇಳಿಸಲಿಲ್ಲವೇನೋ ಎಂದು ಹತ್ತಿರ ಹೋಗಿ ಇನ್ನಷ್ಟು ಜೋರಾಗಿ ಕೇಳಿದಳು.

*

ಮಗಳು ಶಿಷ್ಯನ ಕಾರಿನಲ್ಲಿ ಹೋಗಿ ಡಬ್ಬಿ ತಂದಳು. ಅದರ ಮೇಲ್ಭಾಗದಲ್ಲಿ ಮಂಚದ ಕಾಲು ಒತ್ತಿ ದುಂಡಗೆ ತಗ್ಗು ಬಿದ್ದಿತ್ತು.

"ಮಂಚ ಒಂದು ಕಡೆ ವಾಲ್ಕೊಂಡಿದೆ ಅಮ್ಮ," ಎಂದಳು.

ಶಿಷ್ಯ ಡಬ್ಬಿಯನ್ನು ಎದೆಗವಚಿಕೊಂಡು ಮುಂದಿನ ಕಚೇರಿಗೆ ಹೊರಟವನು ತಿರುಗಿ ನಿಂತ. "ಯಾರಾದ್ರೂ ಹಿಂದಿನ ಕೋಣೇಲಿ ಲೈಟ್ ನೋಡ್ಬೇಕು. ಆಪರೇಟರ್ ಗುಂಡಿ ಹತ್ರ ಇರ್ಬೇಕಾಗುತ್ತೆ."

"ನಂಗೆ ಕಣ್ಣು ಮಂಜು," ಎಂದ ಭಾವ.

"ನಾನು ನಿಲ್ತೀನಿ. ನಂಗೆ ಗೊತ್ತಿರೋ ಕೆಲ್ಸ," ಎಂದಳು ಅವಳು.

ಹಿಂದಿನ ಕೋಣೆಯಲ್ಲಿ ಬೂದಿಯ, ಸುಟ್ಟ ತಂತಿಯ ವಾಸನೆ. ಕಂಪ್ಯೂಟರಿನ ಬೆನ್ನು ಕಾಣುವಂತೆ ಅವಳು ಸ್ಟೂಲಿನ ಮೇಲೆ ಕೂತಳು. ಅರೆತೆರೆದ ಬಾಗಿಲಿಂದ ಹಲಗೆಯ ತುದಿ ಕಾಣುತ್ತಿತ್ತು, ಬಟ್ಟೆಯ ಕೆಳಗೆ ಎದ್ದುನಿಂತ ಅವನ ಎರಡು ಪಾದಗಳೂ. ಫೋನ್ ಕಿವಿಗಿಟ್ಟುಕೊಂಡಳು.

"ಅಕ್ಕ, ಒಂದನೇ ತೂತಿಗೆ ಹಾಕಿದೀನಿ. ಲೈಟ್ ಬಂತಾ?"

"ಇಲ್ಲ."

"ಈಗ?"

"ಇಲ್ಲಪ್ಪ."

ಒಂದೊಂದು ಇಲ್ಲಕ್ಕೂ ಅವಳ ಎದೆ ಹಗುರಾಗತೊಡಗಿತು. ಅದು ಗೊತ್ತಾದದ್ದೇ ಅವಳಿಗೆ ಗಾಬರಿಯಾಯಿತು. ಇವತ್ತೇ ಮುಗಿಸಿ ಎಂದವಳು ತಾನೇ. ಆದರೆ ಲೈಟು ಬರುವವರೆಗೆ ಆ ಪಾದಗಳು ಅಲ್ಲೇ ಇರುತ್ತವೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬೇಡ, ಬರುವುದು ಬೇಡ, ಇವತ್ತೊಂದು ದಿನ ಬಾರದಿದ್ದರೆ ಯಾರ ಗಂಟು ಹೋಗುತ್ತದೆ ಎಂದು ಅವಳ ಒಳಗೆ ಯಾರೋ ಗೋಗರೆಯುತ್ತಿದ್ದರು.

ಲೈಟು ಒಮ್ಮೆ ಕಿತ್ತಳೆಯಾಗಿ ಮಿಟುಕಿ, ಹಸಿರಾಗಿ ನಿಂತಿತು.

"ಅಕ್ಕಾ, ಲೈಟ್ ಬಂತಾ?"

ಶಿಷ್ಯ ಕೆಲಸದ ಜೊತೆಗೆ ಆ ರಾಗವನ್ನೂ ಗುರುವಿನಿಂದಲೇ ಕಲಿತಿದ್ದ. ಅವಳ ಕೈ ತಾನಾಗಿ ಮುಂದೆ ಹೋಯಿತು. ಹೆಬ್ಬೆರಳಿನಿಂದ ಲೈಟನ್ನು ಮುಚ್ಚಿದಳು.

"ಅಕ್ಕಾ? ಕೇಳಿಸ್ತಿದೆಯಾ? ಬಂತಾ?"

ಮಗಳು ಬಾಗಿಲಿಗೆ ಬಂದಳು. "ಬರ್ಲಿಲ್ವಾ ಅಮ್ಮ?"

"ತಡಿ," ಎಂದಳು. ಹೆಬ್ಬೆರಳ ಅಂಚಿನಿಂದ ಹಸಿರು ಸೋರುತ್ತಿತ್ತು. ಮಗಳು ಅದನ್ನು ನೋಡಿದಳು. ನೋಡಿಯೂ ಸುಮ್ಮನೆ ಬಂದು ತಾಯಿಯ ಬೆನ್ನಿಗೆ ಒರಗಿ ನಿಂತಳು. ಹೊರಗೆ ಕಾಯುತ್ತಿದ್ದ ಮನೆಯವರ ಒಂದು ಕೂಸು ಅಳುತ್ತಿತ್ತು.

"ಅಕ್ಕಾ, ಲೈಟ್ ಬಂತಾ?"

ಅವಳು ಬೆರಳು ತೆಗೆದಳು.

"ಬಂತು," ಎಂದಳು.

ಗೋಡೆಯಾಚೆ ಕಬ್ಬಿಣದ ಬಾಗಿಲು ಮೇಲೇಳುವ ಸದ್ದಾಯಿತು, ಆಮೇಲೆ ಹಳಿಗಳ ಮೇಲೆ ಗಾಲಿಗಳ ಸದ್ದು. ಅರೆತೆರೆದ ಬಾಗಿಲಲ್ಲಿ ಈಗ ಪಾದಗಳಿರಲಿಲ್ಲ. ಫೋನಿನ ಆ ತುದಿಯಲ್ಲಿ ಯಾರೂ ಮಾತಾಡಲಿಲ್ಲ. ಇವಳೂ ಅದನ್ನು ಕಿವಿಯಿಂದ ತೆಗೆಯಲಿಲ್ಲ. ಎದುರಿಗೆ ಸಾಸಿವೆಯಷ್ಟು ಹಸಿರು ಲೈಟು ಬೇಗಬೇಗನೆ ಮಿಟುಕಲು ಶುರುಮಾಡಿತು.