ಅಸರ್ ಹೊತ್ತಿನ ಆರ್ಡರ್

"ಆರ್ಡರನ್ನು ನಾನು ನುಂಗ್ಲಿಕ್ಕೆ ಅದೆಂತ ಬಿರಿಯಾನಿಯಾ ಸುಜಿತಣ್ಣ? ಕಂಪ್ಯೂಟರಿಗೆ ಬರ್ಲೇ ಇಲ್ಲ ಮಾರಾಯ್ರೆ!" ಅತ್ತರಿನ ಬಾಟಲಿ ಪ್ಯಾಕ್ ಮಾಡುತ್ತಲೇ ಅನ್ಸಾರ್ ಹೇಳಿದ.

ಸೌದಿಯ ಥುಕ್ಬಾದ ಆ ಅಂಗಡಿಯ ಧಣಿ, ಭಟ್ಕಳದ ಮುನೀಬ್ ಭಾಯ್, ಅದನ್ನು ನಂಬಿರಲಿಲ್ಲ. ಗಿರಾಕಿ ವೆಬ್‌ಸೈಟಿನಲ್ಲಿ ಆರ್ಡರ್ ಕೊಟ್ಟ ಕೂಡಲೇ ಅಂಗಡಿಯ ಕಂಪ್ಯೂಟರಿಗೆ ಸುದ್ದಿ ಬರಬೇಕು. ಈ ವ್ಯವಸ್ಥೆಗೆ ವೆಬ್‌ಹುಕ್ ಎನ್ನುತ್ತಾರೆ. ಆದರೆ ಕೆಲವು ಆರ್ಡರುಗಳ ಸುದ್ದಿ ಬರುತ್ತಲೇ ಇರಲಿಲ್ಲ. ಸೋಮಾರಿ ಅನ್ಸಾರ್ ಅಳಿಸಿ ಹಾಕುತ್ತಾನೆಂಬುದು ಧಣಿಯ ತೀರ್ಮಾನ. ಇವತ್ತು ಬೇರೆ ಕಾರಣ ಸಿಗದಿದ್ದರೆ ಅವನನ್ನು ಊರಿಗೆ ಕಳಿಸುವುದೆಂದು ಹೇಳಿಯೂ ಆಗಿತ್ತು.

ದೋಷ ಹುಡುಕಲು ಬಂದಿದ್ದ ಸುಜಿತ್, ಊಟದ ನಂತರ ತನ್ನ ಲ್ಯಾಪ್‌ಟಾಪಿನಲ್ಲಿ ಪುಟ್ಟದೊಂದು ಸರ್ವರ್ ಶುರುಮಾಡಿ, ಮೊಬೈಲಿನ ಇಂಟರ್ನೆಟ್ ಕೊಟ್ಟು, ಪ್ರತಿ ಸುದ್ದಿಯೂ ಅಲ್ಲಿಗೂ ಬರುವಂತೆ ಮಾಡಿದ್ದ. ಬಂದದ್ದನ್ನು ಬಂದ ಹಾಗೇ ತೋರಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಎರಡೂ ಕಡೆ ಎಲ್ಲ ಸರಿಯಾಗಿಯೇ ಬಂತು. ಹಾಳಾದ್ದು, ಕೆಡಬೇಕಾದಾಗ ಕೆಡುವುದೇ ಇಲ್ಲ ಎಂದು ಬೈದುಕೊಂಡ. ಅನ್ಸಾರನ ಮುಖ ನೋಡಲು ಅವನಿಗೆ ಸಂಕಟವಾಗುತ್ತಿತ್ತು.

ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಕೇಳಿತು. ಈಗೀಗ ನಮಾಜಿಗೆ ಅಂಗಡಿ ಮುಚ್ಚಲೇಬೇಕೆಂದಿಲ್ಲ; ಆದರೆ ಮುನೀಬ್ ಭಾಯ್ ತಂದೆಯ ಕಾಲದ ಶಿಸ್ತು ಬಿಟ್ಟವರಲ್ಲ. "ನೀನು ಒಳಗೇ ಕೂತ್ಕೋ," ಎಂದು ಸುಜಿತನಿಗೆ ಹೇಳಿ, ಅನ್ಸಾರನನ್ನು ಮುಂದೆ ಕಳಿಸಿ, ರೂಢಿಯಂತೆ ಬಾಗಿಲ ಬಳಿಯ ಮೇನ್ ಸ್ವಿಚ್ ಇಳಿಸಿ, ಶಟರ್ ಎಳೆದು ಹೋದರು.

ಒಳಗೆ ಕತ್ತಲಾಯಿತು. ಎ.ಸಿ. ನಿಂತಿತು, ಅಂಗಡಿಯ ಕಂಪ್ಯೂಟರೂ ಆರಿತು. ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಯಲ್ಲಿ ಬೆಳಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಮೇಲೊಂದು ಆರ್ಡರ್ ಮೂಡಿತು: ಅಲ್ ಖೋಬರಿನ ಬತೂಲ್ ಎಂಬಾಕೆಗೆ ಊದ್ ಅತ್ತರ್. ಸುಜಿತ್ ಬೆವರು ಒರೆಸಿಕೊಳ್ಳುತ್ತ ಒಬ್ಬನೇ ನಕ್ಕುಬಿಟ್ಟ.

ಮುನೀಬ್ ಭಾಯ್ ಮರಳಿ ಬಂದು ಸ್ವಿಚ್ ಎತ್ತಿದರು. ಅಂಗಡಿಯ ಕಂಪ್ಯೂಟರ್ ಏನೂ ಅರಿಯದ ಹಾಗೆ ಎದ್ದು ಕೂತಿತು. ಬತೂಲಳ ಹೆಸರು ಅದರಲ್ಲಿರಲಿಲ್ಲ. ಸುಜಿತ್ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದ.

"ಇದು ಯಾವಾಗ ಬಂದದ್ದು?"

"ನೀವು ಸ್ವಿಚ್ ಇಳ್ಸಿ ಹೋದ ಮೇಲೆ, ಭಾಯ್. ಅಂಗಡಿದು ಆಫ್ ಇದ್ರೆ ಸುದ್ದಿ ವಾಪಸ್ ಹೋಗ್ತದೆ. ಮತ್ತೆ ಬರುದಿಲ್ಲ."

ಮುನೀಬ್ ಭಾಯ್ ಆ ಸಾಲನ್ನು ಮತ್ತೊಮ್ಮೆ ಓದಿದರು. ಹಿಂದೆಯೇ ಬಂದಿದ್ದ ಅನ್ಸಾರ್ ತಲೆಯೆತ್ತದೆ ಪ್ಯಾಕ್ ಮಾಡುತ್ತಿದ್ದ.

ತಪ್ಪಿಹೋದ ಆರ್ಡರುಗಳನ್ನು ಸುಜಿತ್ ಹುಡುಕಿ ಕೊಡುವಷ್ಟರಲ್ಲಿ ಮುಸ್ಸಂಜೆಯ ಮಗ್ರಿಬ್ ಬಾಂಗ್ ಆಯಿತು. ಅವನು ಚೀಲ ಹೆಗಲಿಗೇರಿಸಿ ಹೊರಗೆ ಬಂದ. ಧಣಿಯ ಕೈ ಎಂದಿನಂತೆ ಸ್ವಿಚ್ಚಿನವರೆಗೆ ಹೋಗಿ ನಿಂತಿತು. ಅದನ್ನು ಮುಟ್ಟದೆ ಶಟರ್ ಎಳೆದರು. ಯಾವತ್ತೂ ಒಬ್ಬರೇ ನಡೆದುಹೋಗುವವರು ಮೆಟ್ಟಿಲ ಬಳಿ ನಿಂತರು.

"ಬಾ ಅನ್ಸಾರ್, ಒಟ್ಟಿಗೆ ಹೋಗುವ."

ಅನ್ಸಾರ್ ಚಪ್ಪಲಿ ಮೆಟ್ಟಿಕೊಂಡ. ಶಟರಿನ ಅಡಿಯಿಂದ ಬೆಳಕಿನ ಗೆರೆಯೊಂದು ಇಬ್ಬರ ಕಾಲ ಬಳಿ ಬಿದ್ದಿತ್ತು.