ಒಂದು ಬಕೆಟ್ ಕಡಲು

ದೊಡ್ಡಮ್ಮ ದಡ ಹತ್ತಿದ್ದಾಳೆ ಎಂಬ ಸುದ್ದಿ ಬಂದಾಗ ಅವಳು ಖಾಲಿ ತೊಟ್ಟಿಯೊಳಗೆ ಕುಕ್ಕರಗಾಲಲ್ಲಿ ಕೂತು ಪಾಚಿ ಉಜ್ಜುತ್ತಿದ್ದಳು. ಬ್ರಷ್ಷನ್ನು ಅಲ್ಲೇ ಬಿಟ್ಟು, ಒದ್ದೆ ಬೂಟು ಕಳಚುವುದನ್ನೂ ಮರೆತು ನಕ್ಷೆಯ ಕೋಣೆಗೆ ಓಡಿದಳು.

ದೊಡ್ಡಮ್ಮ ಎಂದರೆ ಆಮೆ. ದೋಣಿಯ ಇಂಜಿನ್ನಿನ ರೆಕ್ಕೆ ತಗುಲಿ ಚಿಪ್ಪು ಒಡೆದುಕೊಂಡಿದ್ದ ಅದನ್ನು ಕಡಲು ಕಾಯುವ ಈ ಸಂಸ್ಥೆಯವರು ಒಂದು ಚಳಿಗಾಲವಿಡೀ ಸಾಕಿದ್ದರು. ಯಾರೆಷ್ಟೇ ಅವಸರ ಮಾಡಲಿ, ಉಂಡು ಮುಗಿಸದೆ ಕದಲದ ಅದರ ಗತ್ತು ನೋಡಿ ಡಾಕ್ಟರಮ್ಮ ಆ ಹೆಸರಿಟ್ಟಿದ್ದರು. ಉಣಿಸಿದ್ದು, ಗಾಯ ತೊಳೆದದ್ದು, ಗದರಿದ್ದು ಎಲ್ಲ ತೊಟ್ಟಿ ತೊಳೆಯುವ ಅವಳೇ. ಮಗಳಿಗೆ ಜ್ವರ ಬಂದಾಗ ಹಾಸಿಗೆಯ ಪಕ್ಕ ಕೂತ ಹಾಗೆಯೇ ಆ ತೊಟ್ಟಿಯ ಪಕ್ಕವೂ ಕೂತಿದ್ದಳು. ಕಡಲಿಗೆ ಬಿಡುವಾಗ ಚಿಪ್ಪಿನ ಮೇಲೆ ಸಾಬೂನಿನಷ್ಟು ದಪ್ಪದ ಪೆಟ್ಟಿಗೆಯೊಂದನ್ನು ಅಂಟಿಸಿದ್ದರು. ಉಪ್ಪುನೀರಲ್ಲಿ ಮುಳುಗಿರುವಷ್ಟು ಹೊತ್ತೂ ಅದು ಮೌನ. ಆಮೆ ಉಸಿರಿಗಾಗಿ ಮೇಲೆ ಬಂದಾಗ ಉಪಗ್ರಹಕ್ಕೊಂದು ಮಾತು ಹೇಳುತ್ತದೆ. ನಕ್ಷೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ. ಒಣಗಿತೆಂದರೆ ಮಾತ್ರ ಅದರ ಬಾಯಿ ಮುಚ್ಚಿಸುವುದು ಕಷ್ಟ.

"ಬೆಳಗ್ಗೆಯಿಂದ ಒಂದೇ ಸಮ ಮಾತಾಡ್ತಿದೆ ಅಕ್ಕಾ," ಎಂದ ನಕ್ಷೆಯವನು. "ನೀರಿಂದ ಹೊರಗೆ ಬಂದಿದಾಳೆ. ಮೊಟ್ಟೆ ಇಡೋಕೇ."

"ಹಗಲು ಹೊತ್ತು ಬರೋದು ಅಪರೂಪ," ಎಂದರು ಡಾಕ್ಟರಮ್ಮ, ಕನ್ನಡಕ ಒರೆಸಿಕೊಳ್ಳುತ್ತ. "ಆದ್ರೆ ನಮ್ಮ ದೊಡ್ಡಮ್ಮ ಯಾವತ್ತು ಹೊತ್ತು ಗೊತ್ತು ನೋಡಿದಾಳೆ ಹೇಳಿ."

ಎಲ್ಲರೂ ನಕ್ಕರು. ಗೋಡೆಯ ಮೇಲೆ ಕೊಲ್ಲಿಯ ದೊಡ್ಡ ನಕ್ಷೆ ತೂಗುತ್ತಿತ್ತು. ಚುಕ್ಕೆಗಳು ದಿನದಿನವೂ ಸುತ್ತಾಡಿದ ಜಾಗದ ಸುತ್ತ ನೀಲಿ ಗೆರೆ. ಆ ಗೆರೆಯೊಳಗೆ ಬಲೆ ಹಾಕಬಾರದೆಂದು ಸಂಸ್ಥೆ ಕೇಳಿತ್ತು. ಮುಂದಿನ ವಾರದ ಸಭೆಯಲ್ಲಿ ಸರ್ಕಾರ ಒಪ್ಪುವುದೆಂದೇ ಎಲ್ಲರ ಲೆಕ್ಕ.

ಗೆರೆಯೊಳಗಿನ ನೀರಲ್ಲೇ ಅವಳ ಅಣ್ಣ ಮೀನು ಹಿಡಿಯುತ್ತಿದ್ದ. ಈ ವಿಷಯವನ್ನು ಅವನಿಗೆ ತಾನೇ ಹೇಳಬೇಕೆಂದು ಹೋದ ವಾರ ಎದೆ ಗಟ್ಟಿಮಾಡಿಕೊಂಡು ಹೋಗಿದ್ದಳು. ಅವನು ರೇಗುತ್ತಾನೆಂದುಕೊಂಡಿದ್ದಳು. ಅವನು ರೇಗಲಿಲ್ಲ. ದೊಡ್ಡಮ್ಮ ಅಲ್ಲೇ ಓಡಾಡುತ್ತಾಳೆಂದು ಅಷ್ಟು ಖಾತ್ರಿಯೇ ಎಂದು ಮಾತ್ರ ಕೇಳಿದ. ದಿನಾ ನೋಡುತ್ತೇನಲ್ಲ ಎಂದಳು. ಅವನು ಏನೋ ಹೇಳಲು ಬಾಯಿ ತೆರೆದು, ಕುಡಿಯಲು ನೀರು ಕೇಳಿದ. ಹೊಟ್ಟೆಪಾಡಿನ ಚಿಂತೆ ಎಂದುಕೊಂಡು ಅವಳು ಭಾರವಾದ ಮನಸ್ಸಿನಿಂದ ಮನೆಗೆ ಬಂದಿದ್ದಳು.

ವ್ಯಾನಿಗೆ ಗೂಟ, ಹಗ್ಗ, ಮೊಟ್ಟೆಯ ಬುಟ್ಟಿ ಹೇರಿಕೊಂಡು ಹೊರಟರು. ನಕ್ಷೆಯವನು ಮುಂದೆ ಕೂತು ಮಡಿಲಲ್ಲಿ ಪರದೆ ಹಿಡಿದು ದಾರಿ ಹೇಳುತ್ತಿದ್ದ. ಮೊದಮೊದಲು ಚುಕ್ಕೆಯ ಸುತ್ತ ದೊಡ್ಡ ವೃತ್ತವಿತ್ತು, ಅದರೊಳಗೆ ಮರಳದಂಡೆಯೂ ಇತ್ತು. ಹೋದಂತೆ ವೃತ್ತ ಕುಗ್ಗಿತು. ಮರಳದಂಡೆ ಹಿಂದೆ ಉಳಿಯಿತು. ಐಸ್ ಫ್ಯಾಕ್ಟರಿಯ ಹತ್ತಿರ ಅವನು ಎಡಕ್ಕೆ ಎಂದಾಗ ಎಲ್ಲರೂ ಪರದೆಯ ಕಡೆ ಬಗ್ಗಿದರು. ಎಡಕ್ಕೆ ಇದ್ದದ್ದು ಮನೆಗಳು.

"ಯಾರೋ ಎತ್ಕೊಂಡು ಬಂದಿದಾರೆ," ಎಂದರು ಡಾಕ್ಟರಮ್ಮ.

ಓಣಿಯೊಳಗೆ ವ್ಯಾನು ಹಿಡಿಸಲಿಲ್ಲ, ಇಳಿದು ನಡೆದರು. ಅವಳು ಕಣ್ಣು ಮುಚ್ಚಿ ನಡೆಯಬಲ್ಲ ಓಣಿ ಅದು. ಯಾವ ಬಾಗಿಲು ಗಿರಕ್ ಎನ್ನುತ್ತದೆ, ಯಾವ ಕಟ್ಟೆಯ ಕಲ್ಲು ಅಲುಗುತ್ತದೆ ಎಂದು ಗೊತ್ತು. ಒಂದೊಂದು ಮನೆ ದಾಟಿದಾಗಲೂ ಇದಲ್ಲ ಎಂದು ಸಮಾಧಾನ. ಆದರೆ ಉಳಿದ ಮನೆಗಳು ಕಡಿಮೆಯಾಗುತ್ತಿದ್ದವು. ನೀಲಿ ಬಾಗಿಲ ಮುಂದೆ ನಕ್ಷೆಯವನು ನಿಂತ.

"ಇದೇ ಮನೆ."

"ನಮ್ಮಣ್ಣನ ಮನೆ," ಎಂದಳು ಅವಳು. ಬಾಗಿಲು ತಟ್ಟದೆ ಹಿತ್ತಲಿಗೆ ನಡೆದಳು.

ಹಿತ್ತಲಲ್ಲಿ ಅತ್ತಿಗೆ ಬಟ್ಟೆ ಒಗೆಯುತ್ತಿದ್ದಳು. ಏನಿವತ್ತು ದಂಡು ಕಟ್ಟಿಕೊಂಡು ಬಂದೆ, ಹೇಳಿ ಕಳಿಸಿದ್ದರೆ ಏನಾದರೂ ಮಾಡಿಡುತ್ತಿದ್ದೆ ಎಂದು ನಗುತ್ತ ಕೈಯ ನೊರೆ ಕೊಡವಿದಳು. ಅವಳ ಹಿಂದೆ, ಗೋಡೆಯ ಮೇಲೆ, ಸಾಬೂನಿನ ಪಕ್ಕದಲ್ಲಿ ಪೆಟ್ಟಿಗೆ ಬಿಸಿಲು ಕಾಯುತ್ತಿತ್ತು.

"ಅದಾ? ದೋಣಿದು ಏನೋ ಸಾಮಾನಂತೆ. ದಿನಾ ಸಂಜೆ ನಿನ್ನಣ್ಣ ಕಡಲ ನೀರು ತಂದು ನನ್ನ ಬಕೆಟ್ಟಲ್ಲಿ ಮುಳುಗಿಸಿಡ್ತಾರೆ, ಮಗೂಗೆ ಸ್ನಾನ ಮಾಡಿಸಿದ ಹಾಗೆ. ಇವತ್ತು ಇಂಜಿನ್ ಕೆಟ್ಟು ಅಂಗಡಿಗೆ ಹೋಗಿದಾರೆ. ನನಗೆ ಬಟ್ಟೆಗೆ ಬಕೆಟ್ ಬೇಡ್ವಾ? ಬೆಳಗ್ಗೆ ನೀರು ಚೆಲ್ಲಿ ಅದನ್ನ ಬಿಸಿಲಿಗಿಟ್ಟೆ."

ಅವಳು ಅತ್ತಿಗೆಯನ್ನು ದಾಟಿ ಹೋಗಿ ಪೆಟ್ಟಿಗೆಯನ್ನು ಎತ್ತಿ ತಿರುಗಿಸಿದಳು. ತಳದಲ್ಲಿ ಅಂಟು ಹಾಗೇ ಇತ್ತು. ಅಂಟಿನ ಜೊತೆಗೆ ಚಿಪ್ಪಿನ ಒಂದು ಪದರವೂ ಎದ್ದು ಬಂದಿತ್ತು, ಕಂದು ಬಣ್ಣದ್ದು, ಉಗುರಿನಷ್ಟು ತೆಳ್ಳಗೆ. ಅತ್ತಿಗೆ ಏನೋ ಕೇಳುತ್ತಿದ್ದಳು. ಅವಳಿಗೆ ನಲ್ಲಿಯ ಕೆಳಗೆ ಒಡೆಯುತ್ತಿದ್ದ ನೊರೆಗುಳ್ಳೆಗಳು ಮಾತ್ರ ಕಂಡವು.

ಅಣ್ಣ ಬಂದದ್ದು ಆಗಲೇ, ಕೈ ತುಂಬ ಗ್ರೀಸು ಮೆತ್ತಿಕೊಂಡು. ಬಾಗಿಲಲ್ಲೇ ನಿಂತ. ಮೊದಲು ಬಕೆಟ್ ನೋಡಿದ, ಆಮೇಲೆ ತಂಗಿಯ ಕೈ.

"ಪುಟ್ಟಿ," ಎಂದ. ನಲವತ್ತು ದಾಟಿದ ಅವಳನ್ನು ಹಾಗೆ ಕರೆಯುವವನು ಅವನೊಬ್ಬನೇ. "ನಾನು ಬೇಕಂತ ಮಾಡಿದ್ದಲ್ಲ. ಬಲೆ ಎಳೆದಾಗ ಒಳಗಿದ್ಳು. ಉಸಿರು ಇರ್ಲಿಲ್ಲ."

ದೊಡ್ಡಮ್ಮನನ್ನು ಅಲ್ಲೇ ಕಡಲಿಗೆ ಬಿಟ್ಟನಂತೆ. ಪೆಟ್ಟಿಗೆಯನ್ನು ಬಿಡಲು ಕೈ ಬರಲಿಲ್ಲವಂತೆ. ಅದು ತಂಗಿಯ ಕಚೇರಿಯದು. ಒಣಗಿದರೆ ಕೂಗುತ್ತದೆಂದು ಅವಳೇ ಊಟದ ಹೊತ್ತಲ್ಲಿ ಹೇಳಿದ್ದು ನೆನಪಿಟ್ಟುಕೊಂಡು ನೀರಲ್ಲಿ ಮುಳುಗಿಸಿಟ್ಟ. ಸಮಯ ನೋಡಿ ಹೇಳೋಣ ಎಂದುಕೊಂಡಿರುವಾಗ ಅವಳೇ ಬಂದಳು. ದೊಡ್ಡಮ್ಮನ ಸುದ್ದಿಯಿಲ್ಲ ಎಂದು ತಟ್ಟೆ ಮುಂದಿಟ್ಟುಕೊಂಡು ಒಂದು ತುತ್ತೂ ಎತ್ತದೆ ಅತ್ತಳು.

"ಅಮ್ಮ ಹೋದಾಗ ಅತ್ತ ಹಾಗೆ ಅತ್ತೆ. ಮಾರನೆ ದಿನ ಇದನ್ನ ಬಲೆ ತೇಲಿಸೋ ಬೆಂಡಿಗೆ ಕಟ್ಟಿದೆ. ಅಲೆಗೆ ಏಳುತ್ತೆ, ಮುಳುಗುತ್ತೆ, ಥೇಟ್ ಅವಳ ಥರ. ಸಂಜೆ ನೀನು ಫೋನ್ ಮಾಡಿ, ಇದಾಳೆ ಅಣ್ಣ, ಇದಾಳೆ ಅಂದೆ. ಆಮೇಲೆ ನಿಲ್ಲಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ."

ಡಾಕ್ಟರಮ್ಮ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. ಒದ್ದೆ ಬಟ್ಟೆಯ ಮೇಲೆ ಕೂತದ್ದು ಅವರಿಗೆ ತಿಳಿಯಲೇ ಇಲ್ಲ.

"ಹಾಗಾದ್ರೆ ನಮ್ಮ ನೀಲಿ ಗೆರೆ?"

"ಅದು ನನ್ನ ಬಲೆ ಹೋದ ದಾರಿ, ಅಮ್ಮಾ."

ನಕ್ಷೆಯವನ ಕೈಯಲ್ಲಿನ ಪರದೆ ಟಿಣ್ ಎಂದಿತು, ಮತ್ತೆ ಟಿಣ್ ಎಂದಿತು. ಅದೇ ಹಿತ್ತಲಲ್ಲಿ ಇನ್ನೊಂದು ಚುಕ್ಕೆ, ಅದರ ಮೇಲೆ ಮತ್ತೊಂದು. ಮುಂದಿನ ವಾರ ಏನಂತ ಹೇಳುವುದು ಎಂದು ಡಾಕ್ಟರಮ್ಮ ಯಾರನ್ನೂ ನೋಡದೆ ಕೇಳಿದರು. ಸುಳ್ಳು ನಕ್ಷೆ ಎಂದರೆ ಇನ್ನೊಮ್ಮೆ ಯಾರೂ ಸಂಸ್ಥೆಯ ಮಾತು ನಂಬುವುದಿಲ್ಲ. ಹೇಳದಿದ್ದರೆ, ತಂಗಿಯ ಕಣ್ಣೀರಿಗೆ ಸೋತವನು ತನ್ನ ಅನ್ನದ ಸುತ್ತ ತಾನೇ ಗೆರೆ ಎಳೆದುಕೊಂಡ ಹಾಗಾಯಿತು.

ಅವಳಿಗೆ ಅಳು ಬರಲಿಲ್ಲ. ಬೈಗುಳವೂ ಬರಲಿಲ್ಲ. ದಿನಾ ಸಂಜೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನೋಡು ದೊಡ್ಡಮ್ಮ ಇವತ್ತು ಇಲ್ಲಿದ್ದಾಳೆ ಎಂದು ತೋರಿಸಿದ್ದೆಲ್ಲ ಅಣ್ಣನ ದೋಣಿಯನ್ನು.

"ಎಲ್ಲಿ ಸತ್ತಳು?" ಎಂದಳು.

"ಕಡಲೊಳಗಿನ ಬಂಡೆಯ ಹಿಂದೆ. ಆ ನೀರಲ್ಲಿ ಆಮೆಗಳು ಇನ್ನೂ ಇದಾವೆ, ತಲೆ ಎತ್ತೋದು ನೋಡಿದೀನಿ."

"ಸಭೆಗೆ ಬಂದು ಇದಿಷ್ಟೂ ಹೇಳ್ತೀಯಾ?"

ಅಣ್ಣ ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿದ, ಮತ್ತೆ ಒರೆಸಿದ. "ನೀನು ಪಕ್ಕದಲ್ಲಿ ಕೂತ್ಕೊಂಡ್ರೆ ಹೇಳ್ತೀನಿ."

ಪರದೆ ಟಿಣ್ ಎಂದಿತು. ಗೋಡೆಯ ಬುಡದಲ್ಲಿ ಅವನು ತಂದಿಟ್ಟ ಕಡಲ ನೀರಿನ ಕ್ಯಾನು ಇತ್ತು. ಅವಳು ಬಕೆಟ್ಟಿನಲ್ಲಿದ್ದ ಬಟ್ಟೆ ತೆಗೆದು ಕಲ್ಲಿನ ಮೇಲಿಟ್ಟಳು, ನೊರೆ ಹೋಗುವಂತೆ ನಲ್ಲಿಯ ಕೆಳಗೆ ತೊಳೆದಳು, ಕ್ಯಾನನ್ನು ಬಗ್ಗಿಸಿದಳು. ನೀರು ಅರ್ಧಕ್ಕೆ ಬಂತು. ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಹಿಡಿದು ಮೆಲ್ಲಗೆ ಒಳಗೆ ಇಳಿಸಿದಳು. ಅದು ತಳ ಮುಟ್ಟುವವರೆಗೂ ಕೈ ಬಿಡಲಿಲ್ಲ.

ನಕ್ಷೆಯವನು ಪರದೆಯನ್ನು ನೋಡುತ್ತ ಕಾದ. ಇನ್ನೊಂದು ಚುಕ್ಕೆ ಬೀಳಲಿಲ್ಲ.