ನೀಲಿ ಕೋಟಿನ ಅಳತೆ

ಟೀಚರಮ್ಮ ಆ ನೀಲಿ ಕೋಟು ತಂದು ಮೇಜಿನ ಮೇಲೆ ಹಾಸಿದಾಗ ದರ್ಜಿ ಅಕ್ಕನಿಗೆ ತನ್ನ ಕೈಯ ಹೊಲಿಗೆ ತಕ್ಷಣ ಗುರುತು ಸಿಕ್ಕಿತು. ಇಪ್ಪತ್ತೇಳು ವರ್ಷದ ಹಿಂದೆ, ಅಂಗಡಿ ತೆರೆದ ಹೊಸತರಲ್ಲಿ ಹೊಲಿದ ಮೊದಲ ಕೋಟು. ಆಗ ಟೀಚರಮ್ಮನಿಗೆ ಇಪ್ಪತ್ಮೂರು, ಕೆಲಸ ಸಿಕ್ಕ ಸಡಗರ. ಅಳತೆ ಕೊಡಲು ಬಂದವಳು ಗೆಳತಿಯೇ ಆಗಿಬಿಟ್ಟಳು. ಶನಿವಾರ ಶಾಲೆ ಬಿಟ್ಟ ಮೇಲೆ ಎದುರಿನ ಬೇಕರಿಯಿಂದ ಬಿಸಿ ಬನ್ನು ತರುವಳು. ಇಬ್ಬರೂ ಕಟಿಂಗ್ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು, ಬಟ್ಟೆಗೆ ಬೆಣ್ಣೆ ತಾಗದ ಹಾಗೆ ಕೈ ಚಾಚಿಕೊಂಡು ತಿನ್ನುತ್ತ, ಬಿದ್ದು ಬಿದ್ದು ನಗುವರು. ಎಷ್ಟು ತಿಂದೆವೆಂದು ಯಾರೂ ನೋಡುತ್ತಿರಲಿಲ್ಲ. ಆ ಬೇಕರಿ ಈಗ ಔಷಧಿ ಅಂಗಡಿಯಾಗಿದೆ.

“ಮುಂದಿನ ತಿಂಗಳು ಹೆಡ್‌ಮಿಸ್ ಆಗ್ತೀನಿ ಕಣೇ. ಆ ದಿನ ಇದನ್ನೇ ಹಾಕ್ಕೋಬೇಕು.”

“ಅದಕ್ಕೇನು, ಪಕ್ಕ ಬಿಚ್ಚಿ ಸಡಿಲ ಮಾಡ್ಕೊಡ್ತೀನಿ.”

“ಬೇಡ ಬೇಡ. ಕೋಟು ಹಾಗೇ ಇರಲಿ, ನಾನೇ ಇಳೀತೀನಿ. ರಾತ್ರಿ ಊಟ ಬಿಟ್ಟಾಯ್ತು, ಮಧ್ಯಾಹ್ನ ಒಂದು ಸೇಬು.”

ಬುದ್ಧಿ ಹೇಳಬೇಕಾದ ದರ್ಜಿ ಅಕ್ಕನಿಗೆ ಅವಳ ಹಟ ಕಂಡು ಹೊಟ್ಟೆಕಿಚ್ಚಾಯಿತು. ಹೋದ ವಾರವಷ್ಟೇ ನಾದಿನಿ ಎಲ್ಲರೆದುರು, “ನಮ್ಮತ್ತಿಗೆ ಕೂತರೆ ಕುರ್ಚಿಗೆ ಅಳು ಬರುತ್ತೆ” ಅಂದಿದ್ದಳು. ಮುಟ್ಟು ನಿಂತ ಮೇಲೆ ಸೊಂಟ ದರ್ಜಿ ಅಕ್ಕನ ಮಾತು ಕೇಳುವುದನ್ನೇ ಬಿಟ್ಟಿತ್ತು. ಮರುದಿನದಿಂದ ಇವಳ ಬುತ್ತಿಯೂ ಮುಚ್ಚಿದ್ದು ಮುಚ್ಚಿದಂತೆಯೇ ಮನೆಗೆ ವಾಪಸು. ಸಂಜೆ ಹಸಿವು ತಡೆಯದೆ ಅಡುಗೆಮನೆಯಲ್ಲಿ ನಿಂತೇ ಸಿಕ್ಕಿದ್ದನ್ನೆಲ್ಲ ಮುಕ್ಕುವುದು, ಆಮೇಲೆ ತನ್ನನ್ನು ತಾನೇ ಬೈದುಕೊಳ್ಳುವುದು.

ಹದಿನೈದು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಕಣ್ಣು ಕತ್ತಲಿಟ್ಟು, ಗಿರಾಕಿಯೊಬ್ಬಳ ರೇಷ್ಮೆ ಬಟ್ಟೆಯ ತೋಳಿನ ಮೇಲೆ ಕತ್ತರಿ ಅಡ್ಡಾದಿಡ್ಡಿ ಓಡಿತು. ಕಸುಬಿಗೆ ಬಂದಾಗಿನಿಂದ ಆಗದ ತಪ್ಪು. ತಲೆಯ ಮೇಲೆ ಕೈಹೊತ್ತು ಕೂತಿರುವಾಗಲೇ ಕೋಟು ಹಾಕಿ ನೋಡಲು ಟೀಚರಮ್ಮ ಬಂದಳು. ಮುಖ ಬಾಡಿತ್ತು. ಉಸಿರು ಬಿಗಿಹಿಡಿದರೂ ನಡುವಿನ ಗುಂಡಿ ಕಾಜಕ್ಕೆ ಎಟುಕಲಿಲ್ಲ. ಕನ್ನಡಿಯ ಮುಂದೆಯೇ ಅತ್ತುಬಿಟ್ಟಳು.

“ಆಗ ಬಳ್ಳಿ ಹಾಗಿದ್ದೆ ನಾನು. ಈಗ ನೋಡು.”

ಎಷ್ಟು ಬಟ್ಟೆ ಸೇರಿಸಬೇಕೋ ನೋಡೋಣವೆಂದು ದರ್ಜಿ ಅಕ್ಕ ಸ್ಟೂಲು ಹತ್ತಿ, ಅಟ್ಟದ ಮೇಲಿದ್ದ ಹಳೇ ಅಳತೆ ಪುಸ್ತಕ ಇಳಿಸಿದಳು. ನೀಲಿ ಕೋಟಿನ ಪುಟದಲ್ಲಿ ಅಂಕಿಗಳ ಕೆಳಗೆ ಅವಳದೇ ಕೋಳಿಕಾಲಿನ ಅಕ್ಷರ: ‘ಟೀಚರ್ ತುಂಬಾ ದಪ್ಪ ಆಗಿದ್ದಾರಂತೆ, ಬೇಜಾರು. ಹೊಟ್ಟೆ ಕಾಣದ ಹಾಗೆ ಹೊಲಿಯಬೇಕು.’

ಟೀಚರಮ್ಮ ಎರಡೆರಡು ಸಲ ಓದಿದಳು. “ಇಪ್ಪತ್ಮೂರಕ್ಕೇ ದಪ್ಪ ಅಂದಿದ್ನಾ ನಾನು?”

“ನೀನೇ ಅಂದಿದ್ದು, ನಾನು ನಂಬಿ ಬರ್ಕೊಂಡಿದ್ದೀನಿ. ನಡು ಇಪ್ಪತ್ತಾರು ಇಂಚು, ಪುಣ್ಯಾತಗಿತ್ತಿ!”

ಹಿಂದಿನ ಹಾಗೆಯೇ ಇಬ್ಬರಿಗೂ ನಗು ಉಕ್ಕಿ ಬಂತು. ನಕ್ಕು ಸುಸ್ತಾದ ಮೇಲೆ ಟೀಚರಮ್ಮ ಮೆಲ್ಲಗೆ, “ಆಗಲೂ ನನ್ನ ಮೈ ನನಗೆ ಹಿಡಿಸಲಿಲ್ಲ. ಎಷ್ಟು ವರ್ಷ ಹಾಳು ಮಾಡ್ಕೊಂಡೆ ನೋಡು” ಅಂದಳು.

“ಮೊದಲು ಕೈ ತೊಳ್ಕೊಂಡು ಬಾ.” ದರ್ಜಿ ಅಕ್ಕ ಬುತ್ತಿ ಬಿಚ್ಚಿದಳು. ಅನ್ನ, ಸೊಪ್ಪು, ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆಯನ್ನು ಎರಡು ಪಾಲು ಮಾಡಿದಳು. ಇಬ್ಬರೂ ತಲೆ ಎತ್ತದೆ ಉಂಡರು.

ಹಾಳಾದ ತೋಳಿಗೆ ಗಿರಾಕಿಯ ಕೈಯಲ್ಲಿ ಬೈಸಿಕೊಂಡು, ಗಿಡ್ಡ ತೋಳು ಮಾಡಿಕೊಟ್ಟದ್ದಾಯಿತು. ಕೋಟಿನ ಎರಡೂ ಪಕ್ಕಕ್ಕೆ ಬೂದು ಬಣ್ಣದ ಪಟ್ಟಿ ಕೂಡಿತು. ಒಬ್ಬ ಡಾಕ್ಟರಮ್ಮನನ್ನು ಕಂಡುಬಂದು, ಅವರು ಹೇಳಿದಂತೆ ಗೆಳತಿಯರು ಹೊತ್ತುಹೊತ್ತಿಗೆ ಉಂಡು ಸಂಜೆ ನಡೆಯತೊಡಗಿದರು. ತೂಕವೇನೂ ಅಷ್ಟಾಗಿ ಇಳಿಯಲಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ನಿಂತಿತು.

ಹೆಡ್‌ಮಿಸ್ ಆದ ಎರಡನೇ ವಾರ ಟೀಚರಮ್ಮ ವಾಕಿಂಗಿನಲ್ಲಿ ಹೇಳಿದಳು: ಎಂಟನೇ ತರಗತಿಯ ಹುಡುಗಿಯೊಬ್ಬಳು ಊಟವನ್ನು ಕಸದ ಬುಟ್ಟಿಗೆ ಸುರಿಯುತ್ತಿದ್ದಳಂತೆ, ದಪ್ಪಗಾಗ್ತೀನಿ ಅಂತ.

“ಬೈದೆಯಾ?”

“ಇಲ್ಲಪ್ಪ. ದಿನಾ ನನ್ನ ಡಬ್ಬಿ ತಗೊಂಡು ಹೋಗಿ ಅವಳ ಪಕ್ಕದಲ್ಲಿ ಕೂತು ಉಂಡೆ. ಮೂರು ದಿನ ಅವಳು ಊಟ ಮುಟ್ಟಲಿಲ್ಲ. ಇವತ್ತು ಅರ್ಧ ತಿಂದಳು.”